ರೇಡಿಯೋ ಬಾಯಿ ಮುಚ್ಚಿದಾಗ

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದಿದೆ. ಬ್ಯಾಟರಿಯನ್ನೂ ಬದಲಿಸಿದ್ದಾಯಿತು. ಮಕ್ಕಳೊಂದಿಗೆ ಹೊಸದುರ್ಗದ ತವರಿಗೆ ಹೊರಟು, ಚಿತ್ರದುರ್ಗ ಆಕಾಶವಾಣಿ ಕೇಳೋಣವೆಂದು ಗುಂಡಿ ಒತ್ತಿದರೆ ‘ಕೋಡ್’ ಎಂಬ ಒಂದೇ ಪದ! ಕೆಟ್ಟಿತೆಂದು ಗಾಬರಿಯಾಗಬೇಡಿ.

ಅದು ಕಳ್ಳನಿಗಾಗಿ ಇಟ್ಟ ಬೀಗ. ವಿದ್ಯುತ್ ಸಂಪರ್ಕ ತಪ್ಪಿದೊಡನೆ ಕೆಲವು ರೇಡಿಯೋಗಳು ತಾವಾಗಿಯೇ ಲಾಕ್ ಆಗುತ್ತವೆ. ಕದ್ದವನಿಗೆ ಗುಪ್ತ ಸಂಖ್ಯೆ ಗೊತ್ತಿರುವುದಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ನಿಮಗೂ ಗೊತ್ತಿಲ್ಲವಲ್ಲ!

ಮೊದಲು ಕಾರಿನ ಕೈಪಿಡಿ ಮತ್ತು ಡ್ಯಾಶ್‌ಬೋರ್ಡಿನ ಖಾನೆ ಹುಡುಕಿರಿ. ಸಂಖ್ಯೆಯ ಕಾರ್ಡು ಅಲ್ಲಿರಬಹುದು. ಇಲ್ಲವಾದರೆ ಹಳೆಯ ಮಾಲೀಕರನ್ನು ಕೇಳಿರಿ. ಅವರಲ್ಲೂ ಇಲ್ಲವೇ? ಮೆಕ್ಯಾನಿಕ್ ರೇಡಿಯೋ ಹೊರತೆಗೆದರೆ ಅದರ ಮೈಮೇಲೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಸಿಗುತ್ತದೆ. ಅದನ್ನು ಬರೆದುಕೊಂಡು, ಆರ್.ಸಿ. ಮತ್ತು ಗುರುತಿನ ಚೀಟಿಯೊಂದಿಗೆ ಕಂಪೆನಿಯ ಡೀಲರ್ ಬಳಿ ಹೋಗಿರಿ. ಊಹಿಸಿ ಅಂಕಿ ಒತ್ತುತ್ತಾ ಕೂರಬೇಡಿ. ತಪ್ಪು ಹೆಚ್ಚಿದಷ್ಟೂ ಬೀಗ ಬಿಗಿಯಾಗುತ್ತದೆ; ಕೆಲವು ಸೆಟ್‌ಗಳಲ್ಲಿ ಒಂದು ಗಂಟೆ ಕಾಯಬೇಕಾಗುತ್ತದೆ.

ಇಲ್ಲೊಂದು ದೊಡ್ಡ ಪ್ರಶ್ನೆಯಿದೆ. ಆರ್.ಸಿ. ಇನ್ನೂ ಹಳಬರ ಹೆಸರಿನಲ್ಲಿದ್ದರೆ ಡೀಲರ್ ನಿಮ್ಮನ್ನು ಹೇಗೆ ನಂಬಬೇಕು? ರೇಡಿಯೋ ಹೋಗಲಿ, ಅಪಘಾತವಾದರೆ? ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಂಬಿ ಮಾರಿದವರು ನಿಮ್ಮ ತಪ್ಪಿಗೆ ನ್ಯಾಯಾಲಯ ಅಲೆಯಬೇಕೇ?

ಆದ್ದರಿಂದ ಹಿರಿಯೂರಿನಲ್ಲಿ ಕೊಳ್ಳಿರಿ, ಹೊಳಲ್ಕೆರೆಯಲ್ಲಿ ಕೊಳ್ಳಿರಿ, ಹಣ ಎಣಿಸುವ ಮುನ್ನವೇ ಎರಡನೆಯ ಕೀಲಿ, ರೇಡಿಯೋ ಕಾರ್ಡು, 29 ಮತ್ತು 30ನೇ ನಮೂನೆಗಳಿಗೆ ಮಾಲೀಕರ ಸಹಿ ಕೇಳಿ ಪಡೆಯಿರಿ. ಮನೆಯ ಗಂಡಸರು ಮರೆತರೆ ನೀವು ನೆನಪಿಸಿರಿ.