ಎಂಜಿನ್ನಿನ ಗಾಳಿದಾರಿಯಲ್ಲಿ ಕಟ್ಟುವ ಮಸಿಯೂ ಅದನ್ನು ತೆಗೆಯುವ ಕ್ರಮವೂ

ರಾಗಿಯ ಕಣದಲ್ಲಿ ಟ್ರ್ಯಾಕ್ಟರನ್ನು ಸುತ್ತಿಸಿ ಒಕ್ಕಣೆ ಮಾಡುವ ಪದ್ಧತಿಯು ಬಯಲುಸೀಮೆಯ ಹಳ್ಳಿಗಳಲ್ಲಿ ಬೇರೂರಿದೆ. ರೋಣಗಲ್ಲೂ ಎತ್ತುಗಳೂ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಯಂತ್ರವು ಬಹು ಬೇಗನೆ ಮುಗಿಸುವುದೇನೋ ನಿಜ. ಆದರೆ ಆ ಹೊಟ್ಟು ಧೂಳುಗಳ ನಡುವೆ ಯಂತ್ರವು ಎಷ್ಟು ಗಾಳಿಯನ್ನು ಸೇವಿಸುವುದೆಂಬುದನ್ನು ಯೋಚಿಸುವವರು ವಿರಳ. ಒಂದು ಲೀಟರು ಡೀಸೆಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 10,000 ಲೀಟರು ಗಾಳಿಯು ಬೇಕು. ಎಂಜಿನ್ನು ವಾಸ್ತವವಾಗಿ ಇದಕ್ಕಿಂತಲೂ ಅಧಿಕವಾಗಿಯೇ ಎಳೆದುಕೊಳ್ಳುತ್ತದೆ. ಗಾಳಿಯು ಸಾಲದೆ ಹೋದರೆ ಎಣ್ಣೆಯು ಅರೆಬೆಂದು ಕರಿಯ ಹೊಗೆಯಾಗಿ ಹೊರಬೀಳುವುದು. ಖರ್ಚು ಏರುವುದು, ಶಕ್ತಿ ಇಳಿಯುವುದು.

ಶೋಧಕದಿಂದ ಸಿಲಿಂಡರಿಗೆ ಗಾಳಿಯನ್ನೊಯ್ಯುವ ದಾರಿಯನ್ನು ಬಹುಕಾಲ ದುಡಿದ ಯಂತ್ರದಲ್ಲಿ ಬಿಚ್ಚಿ ನೋಡಿದರೆ, ಒಳಗೋಡೆಗೆ ಗಾಡಿಯ ಕೀಲೆಣ್ಣೆಯಂತೆ ಜಿಗುಟಾದ ಕರಿಯ ಮಸಿಯು ಮೆತ್ತಿಕೊಂಡಿರುವುದುಂಟು. ವಾಲ್ವಿನ ಬಳಿ, ಶಾಖದ ದೆಸೆಯಿಂದ, ಇದೇ ಮಸಿಯು ಗಟ್ಟಿಯಾದ ಕಿಟ್ಟವಾಗುತ್ತದೆ. ಇದು ಬರಿಯ ಧೂಳಲ್ಲ. ಎಂಜಿನ್ನಿನ ಒಡಲಿನಿಂದ ಉಸಿರುಕೊಳವೆಯ ಮೂಲಕ ಬರುವ ಎಣ್ಣೆಯ ಆವಿ, ಸವೆದ ವಾಲ್ವುಗೈಡಿನಿಂದ ಜಿನುಗುವ ಎಣ್ಣೆ, ಶೋಧಕದ ಬಟ್ಟಲಿಗೆ ಗೆರೆ ಮೀರಿ ಸುರಿದ ಎಣ್ಣೆ, ಇವು ಅದರ ಮೂಲಗಳು. 2023ನೆಯ ಇಸವಿಯ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮಗಳು ಬಿಗಿಯಾದವು. ಅಂಥವುಗಳಲ್ಲಿ ಅನೇಕಕ್ಕೆ, ಉರಿದ ಹೊಗೆಯಲ್ಲಿ ಒಂದಂಶವನ್ನು ಮತ್ತೆ ಗಾಳಿದಾರಿಗೇ ತಿರುಗಿಸುವ ಏರ್ಪಾಡಿರುತ್ತದೆ. ವಿಷಾನಿಲವನ್ನು ತಗ್ಗಿಸಲು ಮಾಡಿದ ಈ ಏರ್ಪಾಡಿನಿಂದ ಹೊಗೆಮಸಿಯೂ ಎಣ್ಣೆಯ ಆವಿಯೂ ಒಂದೆಡೆ ಕೂಡಿ ಕಿಟ್ಟವು ಬೇಗ ಬೆಳೆಯುವುದು. ಇಂಥ ಯಂತ್ರದಲ್ಲಿ ಗಾಳಿಯನ್ನಳೆಯುವ ಸೂಕ್ಷ್ಮ ಸಾಧನಗಳಿರುವುದರಿಂದ ಅದನ್ನು ತರಬೇತಿ ಪಡೆದ ಮೆಕ್ಯಾನಿಕನಿಗೇ ಒಪ್ಪಿಸುವುದು ಕ್ಷೇಮ. ಕೆಳಗೆ ಹೇಳುವ ಕ್ರಮವು ಸಾದಾ ಪಂಪ್‌ಸೆಟ್ಟು ಮತ್ತು ಹಳೆಯ ಮಾದರಿಯ ಟ್ರ್ಯಾಕ್ಟರುಗಳಿಗೆ ಸಂಬಂಧಿಸಿದ್ದು.

ಕೆಲಸಕ್ಕೆ ಮೊದಲು ಎಂಜಿನ್ನು ಪೂರ್ತಿಯಾಗಿ ತಣ್ಣಗಾಗಿರಬೇಕು. ಬ್ಯಾಟರಿಯಿದ್ದರೆ ಅದರ ತಂತಿಯನ್ನು ಕಳಚಿಡತಕ್ಕದ್ದು. ಹೊರಮೈಯ ಮಣ್ಣನ್ನು ಒರೆಸದೆ ಯಾವ ನಟ್ಟನ್ನೂ ಸಡಿಲಿಸಬಾರದು. ಕೊಳವೆಯನ್ನೂ ಮ್ಯಾನಿಫೋಲ್ಡನ್ನೂ ಬಿಚ್ಚಿ ಬೇರೆಯಿಟ್ಟು, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ನೆನೆಹಾಕಿ ಕುಂಚದಿಂದ ಉಜ್ಜಿದರೆ ಮಸಿಯು ಸುಲಭವಾಗಿ ಬಿಡುತ್ತದೆ. ಇದಕ್ಕೆ ಪೆಟ್ರೋಲನ್ನು ಎಂದಿಗೂ ಬಳಸಕೂಡದು.

ಎಚ್ಚರವು ಬೇಕಾದುದು ಸಿಲಿಂಡರಿನ ತಲೆಯಲ್ಲಿರುವ ರಂಧ್ರದ ಬಳಿ. ಯಂತ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಆ ಸಿಲಿಂಡರಿನ ಗಾಳಿವಾಲ್ವು ತನ್ನ ಪೀಠದಲ್ಲಿ ಬಿಗಿಯಾಗಿ ಕುಳಿತಿದೆಯೇ ಎಂದು ಟಾರ್ಚು ಹಿಡಿದು ನೋಡಬೇಕು. ವಾಲ್ವು ತೆರೆದಿರುವಾಗ ಕೆರೆದರೆ ಕಿಟ್ಟದ ಚೂರುಗಳು ಪಿಸ್ಟನ್ನಿನ ಮೇಲೆ ಬೀಳುವುವು. ಅವು ವಾಲ್ವಿನ ಅಂಚಿಗೆ ಸಿಕ್ಕಿದರೆ ಒತ್ತಡವೇ ನಿಲ್ಲದು. ಮಿಕ್ಕ ರಂಧ್ರಗಳಿಗೆ ಚೊಕ್ಕಟವಾದ ಬಟ್ಟೆಯನ್ನು ತುರುಕಿ, ಎಷ್ಟು ತುಂಡು ಇಟ್ಟಿತೆಂದು ಎಣಿಸಿಕೊಳ್ಳತಕ್ಕದ್ದು. ಮರೆತ ಒಂದು ಬಟ್ಟೆಯ ಚೂರು ಸಾವಿರಾರು ರೂಪಾಯಿಗಳ ದುರಸ್ತಿಗೆ ದಾರಿ ಮಾಡೀತು. ಕೆರೆಯಲು ಬಿದಿರಿನ ಚಕ್ಕೆಯೇ ಲೇಸು. ಉಕ್ಕಿನ ಉಳಿಯು ಪೀಠವನ್ನು ಗೀರುತ್ತದೆ. ರಂಧ್ರದೊಳಕ್ಕೆ ಎಣ್ಣೆಯನ್ನು ಸುರಿಯಬಾರದು. ದ್ರವವು ಗಾಳಿಯಂತೆ ಒತ್ತಿದರೆ ಕುಗ್ಗತಕ್ಕದ್ದಲ್ಲವಾದುದರಿಂದ, ಸಿಲಿಂಡರಿನಲ್ಲಿ ಅದು ನಿಂತರೆ ಕನೆಕ್ಟಿಂಗ್ ರಾಡೇ ಬಾಗಿಹೋಗುವುದು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ಟನ್ನೇ ಹಾಕಿ, ಎಂಜಿನ್ನನ್ನು ಎರಡು ಪೂರ್ಣ ಸುತ್ತು ಕೈಯಿಂದಲೇ ತಿರುಗಿಸಿ, ತಡೆಯಿಲ್ಲವೆಂದು ಕಂಡ ಮೇಲೆ ಚಾಲೂ ಮಾಡಬೇಕು.

ಓಡುತ್ತಿರುವ ಡೀಸೆಲ್ ಎಂಜಿನ್ನಿನ ಬಾಯಿಗೆ ಡಬ್ಬಿಯ ದ್ರಾವಣವನ್ನು ಚಿಮುಕಿಸಿ ಮಸಿ ತೆಗೆಯುವೆವೆನ್ನುವವರೂ ಇದ್ದಾರೆ. ಆ ದ್ರಾವಣವು ಬೇಗ ಹತ್ತಿಕೊಳ್ಳುವಂಥದಾದರೆ ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೆ ಕೇಡಾಗುವುದು. ಅರ್ಧ ಗಂಟೆಯ ಶ್ರಮವನ್ನು ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವ ಉಪಾಯವಿದು.

ಇದಕ್ಕಿಂತಲೂ ಭಯಂಕರವಾದುದು ಶೋಧಕದ ಬಟ್ಟಲಿಗೆ ಹೆಚ್ಚು ಎಣ್ಣೆ ಹಾಕುವ ಅಭ್ಯಾಸ. ಎಣ್ಣೆ ಹೆಚ್ಚಿದ್ದರೆ ಧೂಳು ಹೆಚ್ಚು ಹಿಡಿದೀತೆಂಬುದು ಆಳುಗಳ ಎಣಿಕೆ. ಗೆರೆ ಮೀರಿದ ಎಣ್ಣೆಯು ಗಾಳಿಯೊಡನೆ ಸಿಲಿಂಡರಿಗೆ ಏರಿದರೆ ಎಂಜಿನ್ನು ಅದನ್ನೇ ಇಂಧನವಾಗಿ ಉರಿಸಿ, ಡೀಸೆಲನ್ನು ನಿಲ್ಲಿಸಿದರೂ ನಿಲ್ಲದೆ, ವೇಗವನ್ನು ಏರಿಸುತ್ತಾ ಹೋಗಬಹುದು. ಆಗ ಗಾಳಿಯನ್ನು ತಡೆಯುವುದೇ ಉಪಾಯ: ಶೋಧಕದ ಬಾಯಿಗೆ ಹಲಗೆಯನ್ನು ಒತ್ತಿ ಹಿಡಿಯತಕ್ಕದ್ದು, ಅಂಗೈಯನ್ನು ಇಡಲೇಬಾರದು. ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲಕೂಡದು. ಹತ್ತಿರ ಹೋಗುವಂತಿಲ್ಲವೆಂದು ತೋರಿದರೆ ಯಂತ್ರದ ಆಸೆಯನ್ನು ಬಿಟ್ಟು ದೂರ ಸರಿಯುವುದೇ ಸರಿ.

ಕಣದ ಕೆಲಸದ ದಿನಗಳಲ್ಲಿ ಬಟ್ಟಲನ್ನು ಪ್ರತಿದಿನವೂ ಬಿಚ್ಚಿ ನೋಡಬೇಕು. ಎಣ್ಣೆಯು ಅಂಬಲಿಯಂತೆ ಮಂದವಾಗಿದ್ದರೆ ಚೆಲ್ಲಿ, ತಳದ ಗಸಿಯನ್ನು ತೊಳೆದು, ತಯಾರಕರು ಹೇಳಿದ ಎಣ್ಣೆಯನ್ನು ಗೆರೆಯವರೆಗೆ ಮಾತ್ರ ತುಂಬತಕ್ಕದ್ದು. ಕಾಗದದ ಶೋಧಕವಾದರೆ ಎಣ್ಣೆಯಲ್ಲಿ ತೊಳೆಯಬಾರದು. ಶೋಧಕದಾಚೆಯ ರಬ್ಬರು ಕೊಳವೆಯೊಳಗೆ ಕೆಮ್ಮಣ್ಣಿನ ಗೆರೆಯು ಕಂಡರೆ, ಎಲ್ಲಿಯೋ ಬಿರುಕಿನಿಂದ ಹಸಿ ಧೂಳು ನುಗ್ಗುತ್ತಿದೆಯೆಂದು ತಿಳಿಯಬೇಕು. ಆ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣವು ಸಿಲಿಂಡರಿನ ಕಬ್ಬಿಣಕ್ಕಿಂತಲೂ ಗಡುಸಾದುದು. ಮಸಿಯಾದರೋ ವರ್ಷಗಳ ಮೇಲೆ ತೊಂದರೆ ಕೊಡುವುದು. ಇದು ಒಂದೇ ಸುಗ್ಗಿಯಲ್ಲಿ ಲೈನರನ್ನು ತಿಂದುಹಾಕೀತು. ಕೊಳವೆಯ ಕ್ಲಿಪ್ಪುಗಳನ್ನು ಬಿಗಿಮಾಡಿ, ಬಿರಿದ ಕೊಳವೆಯನ್ನು ಅಂದೇ ಬದಲಾಯಿಸಬೇಕು.

ಚೆಲ್ಲುವ ಕರಿಯೆಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ಕೊಡಿಸುವಂತೆ ಗ್ರಾಮದ ಮುಖಂಡರು ಗೊತ್ತುಮಾಡುವುದು ಯುಕ್ತ. ಪಂಪ್‌ಸೆಟ್ಟುಗಳು ಬಹುಮಟ್ಟಿಗೆ ಬಾವಿಯ ಕಟ್ಟೆಯ ಪಕ್ಕದಲ್ಲಿಯೇ ಇರುವುದರಿಂದ, ಅಲ್ಲಿ ಚೆಲ್ಲಿದ್ದು ಕುಡಿಯುವ ನೀರಿಗೆ ಸೇರಲು ಬಹಳ ದೂರ ಹೋಗಬೇಕಾಗಿಲ್ಲ.