ಪದ ಯಾರ್ದು ಅಂತ ಗೊತ್ತು, ರಾಗ ಯಾರ್ದು ಸ್ವಾಮಿ?

ಕೆಂಕೆರೆ: ಕೊಬ್ಬರಿ ರೇಟು, ಕರೆಂಟು, ಮಳೆ. ಈ ಮೂರರ ಮೇಲೆ ಜಗಳವಾಡದ ಊರು ತೆಂಗಿನ ಸೀಮೆಯಲ್ಲಿ ಇಲ್ಲ. ಹುಳಿಯಾರಿನ ಮಗ್ಗುಲಿಗಿರುವ ಕೆಂಕೆರೆಯಲ್ಲಿ ಇವುಗಳ ಜೊತೆಗೆ ನಾಲ್ಕನೆಯದೂ ಒಂದುಂಟು. ಮೈಸೂರು ಅನಂತಸ್ವಾಮಿಯವರ ಹಾಡುಗಳಲ್ಲಿ ಯಾವುದು ಮೇಲು ಎಂಬುದೇ ಆ ಜಗಳ. ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಶುರುವಾದ ವಾದ ಕೊನೇ ಬಸ್ಸು ಹೋದರೂ ತೀರುವುದಿಲ್ಲ.

ಇದೇನು ದೊಡ್ಡ ವಿಷಯ ಎನ್ನಬಹುದು. ದೊಡ್ಡದೇ. ಇಂಥ ಜಗಳವೇ ಹೈಕೋರ್ಟಿನ ತನಕ ಹೋಗಿಬಂದಿದೆ. ಅದನ್ನು ಮುಂದೆ ನೋಡೋಣ.

ಪೆಟ್ಟಿಗೆ ಮುಂದಿಟ್ಟು ಹಾಡಿದವರು

ಬೇರೆ ದೇಶದಲ್ಲಿ ಪಿಯಾನೋ ಮುಂದೆ ಕೂತು ತಾವೇ ನುಡಿಸಿ ತಾವೇ ಹಾಡುವ ಗಾಯಕರುಂಟು. ನಮ್ಮ ಕಡೆಗೆ ಪಿಯಾನೋ ಬರಲಿಲ್ಲ, ಅದರ ಚಿಕ್ಕ ತಮ್ಮ ಹಾರ್ಮೋನಿಯಂ ಬಂತು. 1884ರಲ್ಲಿ ಕಟ್ಟಿದ ಗುಬ್ಬಿ ಕಂಪನಿ ಇದೇ ಜಿಲ್ಲೆಯದು. ಕಂಪನಿ ನಾಟಕಕ್ಕೆ ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಇವತ್ತಿಗೂ ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಎಂದರೆ ಮೊದಲು ಕೇಳುವುದು ದುರ್ಯೋಧನ ಯಾರು ಎಂದಲ್ಲ, ಹಾರ್ಮೋನಿಯಂ ಮೇಷ್ಟ್ರು ಯಾರು ಎಂದು.

ಹೀಗಾಗಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡುವವರನ್ನು ತೂಗಿನೋಡುವುದು ಇಲ್ಲಿನವರಿಗೆ ಕಾಯಿ ಬಡಿದು ನೋಡಿದಷ್ಟೇ ಸಲೀಸು. 1936ರಲ್ಲಿ ಮೈಸೂರಿನಲ್ಲಿ ಹುಟ್ಟಿ 1995ರ ಜನವರಿಯಲ್ಲಿ ತೀರಿಕೊಂಡ ಅನಂತಸ್ವಾಮಿ ಅವರ ತಕ್ಕಡಿಯಲ್ಲಿ ಗೆದ್ದವರು. ರಾಗ ಹಾಕುವವರೂ ಅವರೇ, ಹಾಡುವವರೂ ಅವರೇ.

ಹಾರ್ಮೋನಿಯಂ ಮೇಲೆ ಒಂದು ಕಾಲಕ್ಕೆ ಬಹಳ ಸಿಟ್ಟಿತ್ತು. ಅದರ ಸ್ವರಗಳು ಮನೆ ಮನೆಯಂತೆ ಬೇರೆ ಬೇರೆ ನಿಂತಿರುತ್ತವೆ, ಒಂದರಿಂದ ಒಂದಕ್ಕೆ ಜಾರುವುದಕ್ಕೆ ಬರುವುದಿಲ್ಲ, ನಮ್ಮ ಗಮಕಕ್ಕೆ ಒಗ್ಗುವುದಿಲ್ಲ ಎಂದು ವಿದ್ವಾಂಸರು ಮುಖ ತಿರುಗಿಸಿದರು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಡಲು ಶುರುಮಾಡಿದ್ದು 1971ರಲ್ಲಿ. ರೇಡಿಯೋ ಬೇಡವೆಂದ ಪೆಟ್ಟಿಗೆಯನ್ನು ಅಷ್ಟೂ ವರ್ಷ ಸಾಕಿದ್ದು ನಾಟಕದವರು, ಭಜನೆಯವರು.

"ಪೆಟ್ಟಿಗೆ ಜಾರಲ್ಲ, ನಿಜ. ಜಾರೋ ಕೆಲಸ ಗಂಟಲು ಮಾಡ್ಬೇಕು. ಅನಂತಸ್ವಾಮಿ ಮಾಡಿದ್ದು ಅದ್ನೇ" ಎನ್ನುತ್ತಾರೆ ಈ ಸುತ್ತಿನಲ್ಲಿ ನಾಟಕ ಕಲಿಸಿ ತಲೆ ನರೆತ ಒಬ್ಬ ಹಾರ್ಮೋನಿಯಂ ಮೇಷ್ಟ್ರು.

ಮನೆಮನೆಗೆ ಬಂದ ಕ್ಯಾಸೆಟ್ಟು

ವಾದದ ಬುಡದಲ್ಲಿ ಇರುವುದು ಒಂದು ಕ್ಯಾಸೆಟ್ಟು. ಹೆಸರು 'ನಿತ್ಯೋತ್ಸವ'. ಕವಿ ಕೆ.ಎಸ್. ನಿಸಾರ್ ಅಹಮದ್. ಅದೇ ಹೆಸರಿನ ಕವನ ಸಂಕಲನ 1976ರಲ್ಲಿ ಬಂತು, ಹಾಡಿನ ಸುರುಳಿ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಎಂಬ ಹೆಸರು ಅದಕ್ಕಿದೆ. ಕವಿಯೂ ರಾಗ ಹಾಕಿದವರೂ ಒಂದೇ ವರ್ಷ ಹುಟ್ಟಿದವರು ಎಂಬುದು ಕೆಂಕೆರೆಯ ಅಭಿಮಾನಿಗಳು ಹೊಸಬರಿಗೆ ತಪ್ಪದೆ ಹೇಳುವ ಮಾತು. ನಿಸಾರರು 2020ರ ಮೇ 3ರಂದು ತೀರಿಕೊಂಡರು.

ಅದಕ್ಕೂ ಮುಂಚೆ ಕವಿತೆ ಎಂದರೆ ಶಾಲೆಯ ಪದ್ಯಭಾಗ. ಬಾಯಿಪಾಠ ಬರದಿದ್ದರೆ ಬೆತ್ತ. ಈ ಜಿಲ್ಲೆಗೆ ಕವಿಗಳ ಬರ ಇರಲಿಲ್ಲ. ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀ.ನಂ.ಶ್ರೀ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆದರೂ ಪದ್ಯ ಪುಸ್ತಕದಿಂದ ಇಳಿದು ಬಸ್ ಸ್ಟ್ಯಾಂಡಿಗೆ ನಡೆದು ಬರಲು ಕಾಲು ಬೇಕಿತ್ತು. ಕಾಲು ಕೊಟ್ಟವರು ರಾಗ ಹಾಕಿದವರು.

ಯಾರಿಗೆ ಯಾವುದು

ರಿಟೈರಾದ ಬಸ್ ಕಂಡಕ್ಟರರೊಬ್ಬರ ಓಟು 'ನಿತ್ಯೋತ್ಸವ' ಎಂಬ ಹೆಸರಿನ ಹಾಡಿಗೇ. ಜೋಗ, ತುಂಗೆ, ಸಹ್ಯಾದ್ರಿ ಎಲ್ಲವನ್ನೂ ಸುತ್ತಿಸುವ ಆ ಹಾಡಿನ ಬಗ್ಗೆ ಅವರ ತೀರ್ಪು ಇದು: "ಟಿಕೀಟಿಲ್ದೆ ಶಿವಮೊಗ್ಗ ತೋರ್ಸಿದ್ದು ಆ ಹಾಡೊಂದೇ ಕಣಣ್ಣ. ಡ್ರೈವರ್ ಹಾಕಿದ್ರೆ ನಿಂತಿರೋ ಪ್ಯಾಸೆಂಜರ್ರೂ ಗಲಾಟೆ ಮಾಡ್ತಿರ್ಲಿಲ್ಲ."

ಇದಕ್ಕೆ ತೋಟದ ಯಜಮಾನರೊಬ್ಬರ ತಕರಾರು ಉಂಟು. ಹಾಡಿನಲ್ಲಿ ತೇಗ ಬಂತು, ಗಂಧ ಬಂತು, ತೆಂಗಿನ ಮರ ಎಲ್ಲಿ? "ನಾಡಿನ ಸಿರಿ ಹೇಳೋರು ಕೊಬ್ರಿ ಬಿಟ್ಬುಟ್ರೆ ಹೆಂಗೆ?" ಎಂದು ಅವರು ಕೇಳಿದಾಗ ಯಾರಲ್ಲೂ ಉತ್ತರ ಇರುವುದಿಲ್ಲ. ನಿಸಾರರು ಭೂವಿಜ್ಞಾನ ಪಾಠ ಹೇಳಿದ ಮೇಷ್ಟ್ರು, ಅದಕ್ಕೇ ಬೆಟ್ಟದ ಅದಿರನ್ನೂ ಪದ್ಯಕ್ಕೆ ತಂದರು ಎಂದು ಯಾರೋ ಸಮಾಧಾನ ಹೇಳಿದರೆ, ಪಕ್ಕದಲ್ಲಿದ್ದ ಲಾರಿ ಡ್ರೈವರ್ ಬಿಡುವುದಿಲ್ಲ: "ಸಹ್ಯಾದ್ರಿ ಅದಿರು ಹಾಡಿಗೆ ಹೋಯ್ತು, ಚಿಕ್ನಾಯ್ಕನಳ್ಳಿ ಅದಿರು ಲಾರಿಗೆ ಹೋಯ್ತು."

ಹೋಟೆಲ್ ಯಜಮಾನರಿಗೆ 'ಕುರಿಗಳು ಸಾರ್ ಕುರಿಗಳು' ಪ್ರಾಣ. ಕುರಿ ಸಾಕುವ ಸೀಮೆಯಲ್ಲಿ ಆ ಹಾಡಿಗೆ ಎರಡು ಅರ್ಥ. ಒಬ್ಬರ ಹಿಂದೆ ಒಬ್ಬರು ತಲೆ ತಗ್ಗಿಸಿಕೊಂಡು ಹೋಗುವವರ ಮೇಲೆ ಬರೆದ ಪದ್ಯ. "ಎಲೆಕ್ಷನ್ ಬಂದಾಗ ಹಾಕ್ತೀನಿ. ಎಲ್ಲಾ ಪಾರ್ಟಿಯೋರೂ ಟೀ ಕುಡೀತಾ ತಲೆ ಆಡಿಸ್ತಾರೆ. ತಮ್ಮನ್ನೇ ಬಯ್ತಾ ಅದೆ ಅಂತ ಒಬ್ರಿಗೂ ಅನ್ಸಲ್ಲ" ಎಂದು ಅವರು ನಗುತ್ತಾರೆ.

ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರ ಆಯ್ಕೆ ಬೇರೆ. ಸಂಜೆ, ಒಂಟಿತನ, ಬೇಸರ ಕುರಿತ ನಿಸಾರರ ಆ ಹಾಡು. ಅನಂತಸ್ವಾಮಿ ಅದಕ್ಕೆ ಹಾಕಿದ ರಾಗ ಎಲ್ಲೂ ಕೂಗುವುದಿಲ್ಲ. ಮಿಷನ್ನು ನಿಂತು, ಕರೆಂಟೂ ಹೋಗಿ, ಬೀದಿ ಮೌನವಾದಾಗ ಅದು ತಾನಾಗಿ ಬಾಯಿಗೆ ಬರುತ್ತದೆ ಎನ್ನುತ್ತಾರೆ ಅವರು. "ಗಂಡಸ್ರಿಗೆ ಜೋಗ ಬೇಕು, ಕುರಿ ಬೇಕು. ಮನೇಲಿ ಕೂತೋರ ಸಂಜೆ ಹೆಂಗಿರ್ತದೆ ಅಂತ ಒಂದು ಹಾಡಾದ್ರೂ ಹೇಳ್ತಲ್ಲ, ಅಷ್ಟು ಸಾಕು ನಂಗೆ." ಈ ಮಾತು ಬಂದ ಮೇಲೆ ಹೋಟೆಲಿನ ಬೆಂಚು ಒಂದು ನಿಮಿಷ ಸುಮ್ಮನಾಗುವುದುಂಟು.

ಹಾರ್ಮೋನಿಯಂ ಮೇಷ್ಟ್ರು ಮಾತ್ರ ನಿಸಾರರನ್ನು ದಾಟಿ ಜಿ.ಪಿ. ರಾಜರತ್ನಂ ಹತ್ತಿರ ನಿಲ್ಲುತ್ತಾರೆ. ಹೆಂಡಗುಡುಕ ರತ್ನನ ಪದಗಳಿಗೆ ಅನಂತಸ್ವಾಮಿ ಹಾಕಿದ ರಾಗವೇ ದೊಡ್ಡದು ಎಂಬುದು ಅವರ ಪಟ್ಟು. ಕುಡುಕನ ಪದ ಎಂದು ತೂರಾಡಿಕೊಂಡು ಹಾಡಿದರೆ ಅದು ನಕಲಿ ವೇಷ. ತಾಳ ಒಂದು ಮಾತ್ರೆಯೂ ತಪ್ಪದೆ, ಮಾತು ಮಾತ್ರ ಸಡಿಲವಾಗಿ ಬಂದರೆ ಆಗ ರತ್ನ ಕಣ್ಮುಂದೆ ನಿಲ್ಲುತ್ತಾನೆ. "ನಾಟಕದಾಗೆ ಶಕುನಿ ಮಾಡೋರ್ಗೂ ಇದ್ನೇ ಹೇಳೋದು. ಒಳಗೆ ಲೆಕ್ಕ ಇರ್ಬೇಕು, ಹೊರಗೆ ಕಾಣ್ಬಾರ್ದು."

ಎದುರು ಪಾರ್ಟಿ

ಕೆಂಕೆರೆಯಲ್ಲಿ ಎಲ್ಲರೂ ಅನಂತಸ್ವಾಮಿ ಕಡೆ ಎಂದುಕೊಳ್ಳಬೇಡಿ. ಸಿ. ಅಶ್ವಥ್ ಪಾರ್ಟಿಯೂ ಜೋರಾಗಿದೆ. ಅಶ್ವಥ್ ಹುಟ್ಟೂರು ತಿಪಟೂರಿನ ಆಚೆ ಮಗ್ಗುಲ ಚನ್ನರಾಯಪಟ್ಟಣ. ಅದೂ ತೆಂಗಿನ ಸೀಮೆಯೇ, ಹಾಗಾಗಿ 'ನಮ್ಮ ಕಡೆಯವರು' ಎಂಬ ಅಭಿಮಾನ. ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರು ಈ ಪಾರ್ಟಿಯ ಮುಂದಾಳು. "ಅಶ್ವಥ್ ಬಾಯಿ ಬಿಟ್ರೆ ಅಟ್ಟದ ಮೇಲಿನ ಕೊಬ್ರಿ ಗುಂಡು ಒಳಗೇ ಅಲ್ಲಾಡ್ಬೇಕು" ಎಂಬುದು ಅವರ ವರ್ಣನೆ. ಶಿಶುನಾಳ ಶರೀಫರ ತತ್ವಪದಗಳನ್ನು ಧಾರವಾಡದ ಕಡೆಯಿಂದ ಇತ್ತ ತಂದು ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲೂ ಆಡಿಸಿದ್ದು ಯಾರು, 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಭಾವಗೀತೆಗೆ ಜನಸಾಗರ ಸೇರಿಸಿದ್ದು ಯಾರು ಎಂದು ಅವರು ಕೇಳುತ್ತಾರೆ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಹುಟ್ಟಿದ ದಿನವೇ ಹೋದ ಪುಣ್ಯವಂತ ಎಂದು ಗುಮಾಸ್ತರು ಕೈಮುಗಿಯುತ್ತಾರೆ.

ಕೂಗಿ ಗೆಲ್ಲುವುದು ದೊಡ್ಡದೋ, ಪಿಸುಮಾತಲ್ಲಿ ಗೆಲ್ಲುವುದು ದೊಡ್ಡದೋ? ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ.

ಸರ್ಕಾರವೇ ಕೊಟ್ಟ ತೀರ್ಪು

ಇದೇ ಜಗಳ ವಿಧಾನಸೌಧದಲ್ಲೂ ನಡೆಯಿತು. ಕುವೆಂಪು ಅವರ ಪದ್ಯವನ್ನು 2004ರ ಜನವರಿಯಲ್ಲಿ ಸರ್ಕಾರ ನಾಡಗೀತೆ ಎಂದು ಸಾರಿತು. ಪದ ತೀರ್ಮಾನವಾಯಿತು, ಧಾಟಿ ಆಗಲಿಲ್ಲ. ಅನಂತಸ್ವಾಮಿ ಧಾಟಿಯೋ ಅಶ್ವಥ್ ಧಾಟಿಯೋ ಎಂದು ವರ್ಷಗಟ್ಟಲೆ ಎಳೆದಾಟ. ಸಮಿತಿಗಳ ಮೇಲೆ ಸಮಿತಿ. ಒಂದೇ ಗೀತೆ ಒಂದೊಂದು ಸಭೆಯಲ್ಲಿ ಒಂದೊಂದು ಥರ, ಒಂದೊಂದು ಹೊತ್ತು. ನಿಂತವರ ಕಾಲು ಸೋತದ್ದೇ ಸೋತದ್ದು.

ಕೊನೆಗೆ ಎಚ್.ಆರ್. ಲೀಲಾವತಿ ಅವರ ಸಮಿತಿಯ ಶಿಫಾರಸಿನ ಮೇಲೆ 2022ರ ಸೆಪ್ಟೆಂಬರಿನಲ್ಲಿ ಆದೇಶವಾಯಿತು: ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಇಲ್ಲ, ಸಾಲು ತಿರುಗಿಸಿ ಹಾಡುವಂತಿಲ್ಲ. ಅಶ್ವಥ್ ಪರಂಪರೆಯ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು, ಕೋರ್ಟಿನಲ್ಲೇ ಹಾಡಿಯೂ ತೋರಿಸಿದರು. 2024ರ ಏಪ್ರಿಲಿನಲ್ಲಿ ಅರ್ಜಿ ವಜಾ ಆಯಿತು.

ಕೆಂಕೆರೆಯಲ್ಲಿ ಅನಂತಸ್ವಾಮಿ ಪಾರ್ಟಿ ಇದನ್ನು ಗೆಲುವು ಎಂದು ಲೆಕ್ಕ ಹಾಕಬೇಕಿತ್ತು. ಹಾಕಿದ್ದೂ ಉಂಟು. ಆದರೆ ಮೇಷ್ಟ್ರಿಗೆ ಖುಷಿ ಅರ್ಧ ಮಾತ್ರ. "ಇಷ್ಟದ ಹಾಡಿಗೆ ಗಡಿಯಾರ ಕಟ್ಟಿದ್ರು. ಇರ್ಲಿ, ಸರ್ಕಾರಿ ಸಭೆ, ಕಟ್ಲೇಬೇಕು. ಆದ್ರೆ ಆ ಹುಡುಗ್ರನ್ನ ಕೇಳ್ನೋಡಿ, ಪದ ಬರೆದೋರು ಯಾರು ಅಂದ್ರೆ ಕುವೆಂಪು ಅಂತವೆ. ರಾಗ ಯಾರ್ದು ಅಂದ್ರೆ ಬಾಯಿ ಬಾಯಿ ಬಿಡ್ತವೆ."

ಇದೇ ನಿಜವಾದ ತಕರಾರು. ಕವಿಯ ಹೆಸರು ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಹಾಡುವವರು ಕಣ್ಣೆದುರಿಗೇ ನಿಂತಿರುತ್ತಾರೆ. ನಡುವೆ ಕೂತು ರಾಗ ಹೊಸೆದವನ ಹೆಸರು ಇದ್ದದ್ದು ಕ್ಯಾಸೆಟ್ಟಿನ ಹೊದಿಕೆಯ ಚೀಟಿಯ ಮೇಲೆ. ಚೀಟಿ ಹರಿಯಿತು, ಹೆಸರು ಹೋಯಿತು. ಈಗ ಫೋನಿನಲ್ಲಿ ಹಾಡು ಒಬ್ಬರಿಂದ ಒಬ್ಬರಿಗೆ ಹಾರುತ್ತದೆ, ಹೆಸರು ಹಿಂದೆಯೇ ಉಳಿಯುತ್ತದೆ.

ಅಟ್ಟದಲ್ಲಿರುವ ಆಸ್ತಿ

ಈ ಸೀಮೆಯಲ್ಲಿ ಕಾಯಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳಿಗೆ ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುತ್ತದೆ. ಕ್ಯಾಸೆಟ್ಟು ಹಾಗಲ್ಲ. ಅಟ್ಟ ಸೇರಿದರೆ ಕೆಡುತ್ತದೆ. ಟೇಪಿನ ಮೇಲೆ ಬಳಿದ ಕಂದು ಪುಡಿಯಲ್ಲಿ ಹಾಡು ಕೂತಿರುತ್ತದೆ. ತಂಡಿಗೆ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ, ಸ್ಪೀಕರಿನ ಅಯಸ್ಕಾಂತದ ಪಕ್ಕ ಇಟ್ಟರೆ ಅಳಿಸಿಹೋಗುವುದೂ ಉಂಟು.

ಹಳೇ ಸುರುಳಿ ಇಟ್ಟುಕೊಂಡವರು ಮಾಡಬೇಕಾದ್ದು ಇಷ್ಟೇ. ಒಣಗಿದ ಜಾಗದಲ್ಲಿ ನಿಲ್ಲಿಸಿ ಇಡಿ. ವರ್ಷಕ್ಕೊಮ್ಮೆ ಆ ತುದಿಯಿಂದ ಈ ತುದಿಗೆ ಓಡಿಸಿ. ಪ್ಲೇಯರ್ ಇಲ್ಲದಿದ್ದರೆ ಪೆನ್ಸಿಲ್ ಹಾಕಿ ತಿರುಗಿಸಿದರೂ ಆದೀತು. ಹಾಡನ್ನು ಫೋನಿಗೆ ಇಳಿಸಿಕೊಳ್ಳುವವರು ಹೊದಿಕೆಯ ಚೀಟಿಯ ಫೋಟೋವನ್ನೂ ತೆಗೆದು ಜೊತೆಗಿಡಿ. ಮಳಿಗೆಯಲ್ಲಿ ಸಿಕ್ಕುವ ಹಾಡು ಮತ್ತೆ ಸಿಕ್ಕೀತು. ಊರ ಗಣಪತಿ ಪೆಂಡಾಲಿನಲ್ಲಿ, ರಾಜ್ಯೋತ್ಸವದಲ್ಲಿ ನಿಮ್ಮವರೇ ಹಾಡಿದ್ದನ್ನು ರೆಕಾರ್ಡ್ ಮಾಡಿದ ಸುರುಳಿ ಇದ್ದರೆ ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಅದನ್ನು ಮೊದಲು ಉಳಿಸಿಕೊಳ್ಳಿ.

ಅಭಿಮಾನಿಗಳ ಎರಡು ಪಾರ್ಟಿಯೂ ಒಪ್ಪುವ ಬೇಡಿಕೆ ಒಂದೇ ಒಂದಿದೆ. ನವೆಂಬರ್ 1ರ ಸಭೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಆರ್ಕೆಸ್ಟ್ರಾದಲ್ಲಿ ಹಾಡಿಗೆ ಮುಂಚೆ ಮೈಕಿನಲ್ಲಿ ಮೂರು ಹೆಸರು ಹೇಳಬೇಕು. ಬರೆದವರು, ರಾಗ ಹಾಕಿದವರು, ಹಾಡುವವರು. ಖರ್ಚಿಲ್ಲ, ಆದೇಶ ಬೇಕಿಲ್ಲ, ಹತ್ತು ಸೆಕೆಂಡು ಸಾಕು.

ಕಾರ್ಯಕ್ರಮ ನಡೆಸುವವರು, ಮೇಷ್ಟ್ರುಗಳು ಇದನ್ನು ಗಮನಿಸಲಿ. ಯಾವ ಹಾಡು ಮೇಲು ಎಂಬುದನ್ನು ಕೆಂಕೆರೆಯವರು ತಾವೇ ನೋಡಿಕೊಳ್ಳುತ್ತಾರೆ. ಅದು ಇವತ್ತಿಗೆ ನಾಳೆಗೆ ತೀರುವ ವ್ಯಾಜ್ಯವಲ್ಲ.