ಕಡಲನ್ನು ಕೂಡಿಸುವ ಯಂತ್ರ

ಕಾರವಾರದ ಬಂದರಿನಲ್ಲಿ ನೀರಿನ ಮಟ್ಟವನ್ನು ಹಗಲೂ ರಾತ್ರಿ ಕಾಗದದ ಮೇಲೆ ಬರೆಯುತ್ತ ಹೋದರೆ, ಎಲ್ಲೂ ತುಂಡಾಗದ ಡೊಂಕು ಗೆರೆಯೊಂದು ಸಿಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ಪಾಠದಲ್ಲೇ ಓದುವ ನಿರಂತರ ಸಿಗ್ನಲ್ ಎಂದರೆ ಇದೇ. ಗೋಜಲಾಗಿ ಕಂಡರೂ ಅದರೊಳಗೆ ಬೆರೆತಿರುವುದು ಸರಳ ಅಲೆಗಳು: ಚಂದ್ರನದು 12 ಗಂಟೆ 25 ನಿಮಿಷಕ್ಕೊಮ್ಮೆ, ಸೂರ್ಯನದು 12 ಗಂಟೆಗೊಮ್ಮೆ, ಇನ್ನೂ ಹಲವು. ಚಂದ್ರ, ಸೂರ್ಯರ ಅಲೆಗಳು ಜೊತೆಗೂಡಿದಾಗ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರ. ಒಂದಕ್ಕೊಂದು ಎದುರಾದಾಗ ಅಷ್ಟಮಿ ಹೊತ್ತಿನ ಸಣ್ಣ ಉಬ್ಬರ.

1870ರ ದಶಕದ ಆರಂಭದಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಈ ಅಲೆಗಳನ್ನು ಕೂಡಿಸಲು ಹಿತ್ತಾಳೆಯ ಯಂತ್ರ ಮಾಡಿಸಿದರು. ಒಂದೊಂದು ಅಲೆಗೆ ಒಂದೊಂದು ರಾಟೆ. ಹಲ್ಲುಚಕ್ರಗಳು ಪ್ರತಿ ರಾಟೆಯನ್ನೂ ಅದರದರ ಲಯದಲ್ಲಿ ಮೇಲೆ ಕೆಳಗೆ ಆಡಿಸುತ್ತವೆ. ಎಲ್ಲ ರಾಟೆಗಳನ್ನೂ ಬಳಸಿ ಹಾಯುವ ದಾರ ಒಂದೇ. ಅದರ ಒಂದು ತುದಿ ಬಿಗಿ, ಇನ್ನೊಂದು ತುದಿಯಲ್ಲಿ ಪೆನ್ನು. ರಾಟೆ ಒಂದು ಅಂಗುಲ ಸರಿದರೆ ದಾರದ ತುದಿ ಎರಡಂಗುಲ ಸರಿಯುತ್ತದೆ. ಹೀಗೆ ಎಲ್ಲ ಚಲನೆಗಳ ಮೊತ್ತವನ್ನು ಪೆನ್ನು ಸುತ್ತುವ ಕಾಗದದ ಮೇಲೆ ಬರೆಯುತ್ತದೆ. ಸುಮಾರು ನಾಲ್ಕು ಗಂಟೆಯಲ್ಲಿ ಒಂದು ಬಂದರಿನ ಇಡೀ ವರ್ಷದ ಉಬ್ಬರವಿಳಿತ ಕಣ್ಣಮುಂದೆ! 1879ರಲ್ಲಿ ಭಾರತದ ಬಂದರುಗಳಿಗೆಂದೇ ಲಂಡನ್ನಿನಲ್ಲಿ ಇನ್ನೂ ದೊಡ್ಡ ಯಂತ್ರ ಸಿದ್ಧವಾಯಿತು.

ಬರೀ ಕೂಡಿಸಿದರೆ ಸಾಕೆನ್ನುವ ಧೈರ್ಯ ಎಲ್ಲಿಂದ ಬಂತು? ಆಳದ ಕಡಲು ಹೆಚ್ಚೂಕಡಿಮೆ ರೇಖೀಯ ವ್ಯವಸ್ಥೆ. ಸೆಳೆತ ಇಮ್ಮಡಿಯಾದರೆ ನೀರಿನ ಏರಿಕೆಯೂ ಇಮ್ಮಡಿ. ಎರಡು ಸೆಳೆತಗಳು ಒಟ್ಟಿಗೆ ಬಂದರೆ ಎರಡರ ಫಲವೂ ಕೂಡುತ್ತದೆ. ಕಡಲಿನ ಸ್ವಭಾವ ಕಾಲದೊಂದಿಗೆ ಬದಲಾಗುವುದೂ ಇಲ್ಲ. ಆದ್ದರಿಂದ ಯಾವ ಲಯದಲ್ಲಿ ಸೆಳೆದರೆ ಅದೇ ಲಯದಲ್ಲಿ ನೀರು ಏಳುತ್ತದೆ. ಬಂದರಿನಿಂದ ಬಂದರಿಗೆ ಬೇರೆಯಾಗುವುದು ಅಲೆಯ ಎತ್ತರ, ಅದು ಬರುವ ತಡ, ಇವೆರಡೇ. ಇಡೀ ವಿಷಯದಲ್ಲಿ ನನಗೆ ಅತಿ ಚೆಲುವಾಗಿ ಕಾಣುವುದು ಇದು: ತೀರದ ಅಂಕುಡೊಂಕು, ತಳದ ಏರುತಗ್ಗು ಎಲ್ಲವೂ ಒಂದೊಂದು ಅಲೆಗೆ ಎರಡೇ ಸಂಖ್ಯೆಗಳಾಗಿ ಅಡಗಿ ಕೂರುತ್ತವೆ.

ಆಳವಿಲ್ಲದ ತೀರದಲ್ಲಿ ಈ ನಿಯಮ ಸಡಿಲವಾಗುತ್ತದೆ. ಅಲ್ಲಿ ಅಲೆಯ ನೆತ್ತಿ ಅದರ ತಗ್ಗಿಗಿಂತ ಬೇಗ ಓಡುವುದರಿಂದ ಮುಂಬದಿ ಕಡಿದಾಗಿ, ಆಕಾಶದಲ್ಲಿ ಯಾರೂ ಕೊಡದ 6 ಗಂಟೆ 12 ನಿಮಿಷದ ಹೊಸ ಲಯ ಹುಟ್ಟುತ್ತದೆ. ಅದಕ್ಕೂ ಒಂದು ರಾಟೆ ಕೊಡಬೇಕು. 1944ರ ನಾರ್ಮಂಡಿ ದಾಳಿಗಾಗಿ ಉಬ್ಬರವಿಳಿತದ ತಜ್ಞ ಆರ್ಥರ್ ಡೂಡ್ಸನ್ ಇಂಗ್ಲೆಂಡಿನಲ್ಲಿ ಇಂಥದೇ ಯಂತ್ರಗಳಿಂದ ಉಬ್ಬರದ ಲೆಕ್ಕ ತೆಗೆದದ್ದು ಅಂಥ ಆಳವಿಲ್ಲದ ತೀರಕ್ಕೇ.